ಕುದುರೆ ಕಾಣದ ಕಣ್ಣು

ನಾನು ಒಂದು ದುರ್ಬೀನಿನ ಎಡಗಡೆಯ ಅರ್ಧ. ಬಲಗಡೆಯ ಅರ್ಧ ಚಿತ್ರದುರ್ಗದ ಕೋಟೆಯ ಮೆಟ್ಟಿಲ ಮೇಲೆ ಬಿದ್ದು ಪುಡಿಯಾಯಿತು. ಪ್ರವಾಸಕ್ಕೆ ಬಂದಿದ್ದ ಯಾರದೋ ಕೊರಳಿನ ಪಟ್ಟಿ ಹರಿದು ನಾವಿಬ್ಬರೂ ಜಾರಿದೆವು. ಆತ ನಮ್ಮನ್ನು ಎತ್ತಿ ಅಲ್ಲಾಡಿಸಿದ, ಒಳಗೆ ಗಾಜಿನ ಚೂರುಗಳ ಸದ್ದು ಕೇಳಿದ, ಕೆಳಗಿನ ಬೀದಿಯ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಬಿಟ್ಟು ಹೋದ. ಮತ್ತೆ ಬರಲಿಲ್ಲ. ಆದ್ದರಿಂದ ನಾನು ನನ್ನ ಹುಟ್ಟನ್ನು ಕಾರ್ಖಾನೆಯಿಂದ ಎಣಿಸುವುದಿಲ್ಲ. ಅಲ್ಲಿ ಹುಟ್ಟಿದ್ದು ಒಂದು ಜೋಡಿ. ಒಂಟಿಯಾಗಿ ನಾನು ಹುಟ್ಟಿದ್ದು ಶಂಶುದ್ದೀನ್ ಸಾಹೇಬರ ರಿಪೇರಿ ಮೇಜಿನ ಮೇಲೆ.

ಸಾಹೇಬರು ಗರಗಸದಿಂದ ನಡುವಿನ ಕೀಲನ್ನು ಕತ್ತರಿಸಿದರು. ನನ್ನ ಮುಂದಿನ ಗಾಜನ್ನು ಬಿಚ್ಚಿ, ಉಸಿರು ಬಿಟ್ಟು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಒಂದು ಅಲ್ಯೂಮಿನಿಯಂ ಕೊಳವೆಯಲ್ಲಿ ಕೂರಿಸಿದರು. ಹಿಂದೆ ಕಣ್ಣಿಡುವ ಗಾಜಿನೊಳಗೆ, ಅಂಗಡಿಯ ಮೂಲೆಯಿಂದ ಹಿಡಿದು ತಂದ ಜೇಡರ ಬಲೆಯ ಎರಡು ಎಳೆಗಳನ್ನು ಅಡ್ಡಡ್ಡ ಅಂಟಿಸಿದರು. ಎಳೆಗಳ ಮೇಲೆ ಬೆಳಕು ಬೀಳಲೆಂದು ಟಾರ್ಚಿನ ಒಂದು ಪುಟ್ಟ ಕೆಂಪು ಬಲ್ಬು. ಇಷ್ಟೇ ನಾನು.

ನನ್ನನ್ನು ಮಾಡಿಸಿದವರು ವನಮಾಲಾ. ಚಳ್ಳಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ನನ್ನ ತೂಕ ನೋಡುವಂತೆ ಅಂಗೈಯಲ್ಲಿ ಹಿಡಿದರು.

"ಮೇಡಂ, ಇದ್ರಾಗೆ ಫೋಟೋ ಚೆನ್ನಾಗಿ ಬರಲ್ಲ. ಸಣ್ಣ ಗಾಜು," ಎಂದರು ಸಾಹೇಬರು.

"ಫೋಟೋ ತೆಗೆಯೋ ಟೆಲಿಸ್ಕೋಪು ಬೇರೆ ಇದೆ ಸಾಹೇಬ್ರೇ. ಇದು ಅದರ ಬೆನ್ನ ಮೇಲೆ ಕೂತು ಒಂದು ನಕ್ಷತ್ರ ನೋಡ್ತಾ ಇರ್ಬೇಕು. ಅದು ಅಲ್ಲಾಡಿದ್ರೆ ನನಗೆ ಗೊತ್ತಾಗ್ಬೇಕು. ಅಷ್ಟೇ."

"ಅಂದ್ರೆ ವಾಚ್‌ಮನ್ ಕೆಲಸ."

"ವಾಚ್‌ಮನ್ನೇ ಅಂದ್ಕೊಳ್ಳಿ."

"ಮೊದ್ಲೇ ಹೇಳಬಾರದಿತ್ತಾ? ಒಂದು ಟೋಪಿ, ಸೀಟಿ ಹಾಕಿ ಕೊಡ್ತಿದ್ದೆ."

ವನಮಾಲಾ ನಕ್ಕರು. ನನಗೆ ನಗು ಬರಲಿಲ್ಲ. ಆಗಿನ್ನೂ ಲೋಕವನ್ನೆಲ್ಲ ನೋಡುವ ಆಸೆಯಿತ್ತು. ನಾನು ದುರ್ಬೀನಾಗಿದ್ದಾಗ ಕೋಟೆ ನೋಡಿದ್ದೆ, ಕೆರೆ ನೋಡಿದ್ದೆ, ದೂರದ ಛಾವಣಿಯ ಮೇಲೆ ಒಣಗಿದ ಸೀರೆಗಳನ್ನು ನೋಡಿದ್ದೆ. ಇನ್ನು ಮುಂದೆ ಒಂದೇ ಚುಕ್ಕಿ.

ಚಳ್ಳಕೆರೆಯ ಹೊರಗೆ ವನಮಾಲಾರ ಗಂಡ ರುದ್ರಮುನಿಯವರ ತಂದೆ ನಡೆಸುತ್ತಿದ್ದ ಶೇಂಗಾ ಎಣ್ಣೆ ಗಿರಣಿ ಇತ್ತು. ಗಿರಣಿ ನಿಂತುಹೋಗಿ ಕಾಲವಾಗಿತ್ತು. ರುದ್ರಮುನಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದರು. ಆದರೆ ಶೇಂಗಾ ಒಣಹಾಕುತ್ತಿದ್ದ ಸಿಮೆಂಟಿನ ಕಣ ಹಾಗೇ ಇತ್ತು. ಅಂಗೈಯಂತೆ ಮಟ್ಟಸ, ಸುತ್ತ ದೀಪವಿಲ್ಲ. ಆ ಕಣದ ನಡುವೆ ದೊಡ್ಡವನು ನಿಂತಿದ್ದ. ಆರು ಅಂಗುಲದ ಕನ್ನಡಿಯ ಟೆಲಿಸ್ಕೋಪಿಗೆ ನಾನು ಇಟ್ಟ ಹೆಸರು ಅದು. ಅವನ ಬೆನ್ನಿಗೆ ಎರಡು ಉಂಗುರ, ಉಂಗುರಕ್ಕೆ ಮೂರು ಮೂರು ತಿರುಪು, ಅವುಗಳ ನಡುವೆ ನಾನು.

ನನ್ನ ಅಗತ್ಯ ಏಕೆ ಬಿತ್ತೆಂದು ಹೇಳಬೇಕು. ಭೂಮಿ ತಿರುಗುತ್ತದೆ, ಆಕಾಶ ಜಾರುತ್ತದೆ. ಅದರ ಹಿಂದೆಯೇ ಟೆಲಿಸ್ಕೋಪನ್ನು ತಿರುಗಿಸಲು ಕೆಳಗೆ ಮೌಂಟು ಎಂಬ ಯಂತ್ರವಿದೆ. ಅದರೊಳಗೆ ಒಂದು ಹಲ್ಲಿನ ಚಕ್ರ, ಚಕ್ರವನ್ನು ತಳ್ಳುವ ಒಂದು ತಿರುಪು. ಆ ತಿರುಪು ಪೂರ್ತಿ ದುಂಡಗಿರುವುದಿಲ್ಲ. ಯಾವ ಮನುಷ್ಯನೂ ಹಾಗೆ ಮಾಡಲಾರ. ಹಾಗಾಗಿ ಯಂತ್ರ ಸ್ವಲ್ಪ ಮುಂದೆ ಹೋಗುತ್ತದೆ, ಸ್ವಲ್ಪ ಹಿಂದೆ ಉಳಿಯುತ್ತದೆ, ಮಲಗಿದವರ ಎದೆ ಏರಿಳಿದ ಹಾಗೆ. ಯಾರೂ ಕಾಯದೆ ಬಿಟ್ಟರೆ ಅರ್ಧ ನಿಮಿಷದ ಚಿತ್ರ ಸರಿಯಾಗಿ ಬರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಟ್ಟರೆ ನಕ್ಷತ್ರಗಳು ಉದ್ದವಾಗುತ್ತವೆ.

ನಾನು ಬರುವ ಮೊದಲು ವನಮಾಲಾ ತೆಗೆದ ಚಿತ್ರಗಳನ್ನು ರುದ್ರಮುನಿ ದೀಪಕ್ಕೆ ಹಿಡಿದು ನೋಡುತ್ತಿದ್ದರಂತೆ.

"ನಕ್ಷತ್ರ ಎಲ್ಲಿ ಅವೆ? ಬರೀ ಜೀರಿಗೆ ಕಾಣ್ತೈತೆ."

"ನಕ್ಷತ್ರ ಕಾಯೋ ಗೈಡ್ ಇಲ್ಲ ರೀ, ಅದಕ್ಕೆ."

"ಇರ್ಲಿ ಬಿಡು. ಒಗ್ಗರಣೆಗೆ ಆಯ್ತು."

ನಾನು ಬಂದ ಮೇಲೆ ಕೆಲಸ ಹೀಗೆ ನಡೆಯಿತು. ದೊಡ್ಡವನ ಹಿಂದೆ ಫಿಲ್ಮ್ ಕ್ಯಾಮೆರಾ. ಅದರ ಕಣ್ಣು ಮುಕ್ಕಾಲು ಗಂಟೆ ತೆರೆದಿರಬೇಕು. ಅಷ್ಟು ಹೊತ್ತೂ ವನಮಾಲಾ ನನ್ನ ಹಿಂದೆ ಕಣ್ಣಿಟ್ಟು ಕೂರಬೇಕು. ಜೇಡರ ಎಳೆಗಳು ಕೂಡುವಲ್ಲಿ ಒಂದು ನಕ್ಷತ್ರ. ಅದು ಎಳೆಯಿಂದ ಆಚೆ ಇಣುಕಿತೆಂದರೆ ಕೈಯಲ್ಲಿದ್ದ ನಾಲ್ಕು ಗುಂಡಿಯ ಪೆಟ್ಟಿಗೆಯಲ್ಲಿ ಒಂದನ್ನು ಒತ್ತಿ ಹಿಂದಕ್ಕೆ ತರಬೇಕು. ಮತ್ತೆ ಇಣುಕುತ್ತದೆ, ಮತ್ತೆ ತರಬೇಕು. ದನ ಮೇಯಿಸುವವರ ಕೆಲಸ.

ಅವರ ರೆಪ್ಪೆಯ ಕೂದಲು ನನಗೆ ತಾಕುತ್ತಿತ್ತು. ಉಸಿರಿನ ಬಿಸಿ ಗಾಜಿಗೆ ಬಡಿಯುತ್ತದೆಂದು ಅವರು ಮೂಗನ್ನು ಒಂದು ಕಡೆಗೆ ತಿರುಗಿಸಿ ಉಸಿರಾಡುತ್ತಿದ್ದರು. ಕುತ್ತಿಗೆ ನೋವು, ಚಳಿ, ಸೊಳ್ಳೆ. ಯಾವುದಕ್ಕೂ ಕಣ್ಣು ತೆಗೆಯುವಂತಿಲ್ಲ. ಒಬ್ಬ ಮನುಷ್ಯ ಒಂದು ವಸ್ತುವಿನ ಮೂಲಕ ಇಷ್ಟು ಹೊತ್ತು ನೋಡುವುದು ಬೇರೆಲ್ಲಾದರೂ ಇದೆಯೋ ಗೊತ್ತಿಲ್ಲ. ನಾನು ಆಗಲೇ ದಣಿದಿದ್ದೆ. ಆದರೆ ಆ ದಣಿವಿನಲ್ಲಿ ಜೊತೆ ಇತ್ತು.

ಅವರಿಗೆ ಬೇಕಾಗಿದ್ದದ್ದು ಕುದುರೆ ತಲೆ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರ ಎಲ್ಲರಿಗೂ ಗೊತ್ತು. ಅವುಗಳಲ್ಲಿ ಒಂದು ಕೊನೆಯ ನಕ್ಷತ್ರದ ಕೆಳಗೆ, ಮಂದ ಕೆಂಪು ಬೆಳಕಿನ ಮುಂದೆ, ಧೂಳಿನ ಒಂದು ಕಪ್ಪು ಮೋಡ ನಿಂತಿದೆ. ಅದರ ಆಕಾರ ಥೇಟು ಕುದುರೆಯ ತಲೆ. ಬರಿಗಣ್ಣಿಗೆ ಕಾಣುವುದಿಲ್ಲ. ನನ್ನಂಥ ಗಾಜಿಗೂ ಕಾಣುವುದಿಲ್ಲ. ದೊಡ್ಡವನ ಹಿಂದೆ ಕಣ್ಣಿಟ್ಟರೂ ಇಲ್ಲ. ಕ್ಯಾಮೆರಾ ಬಹಳ ಹೊತ್ತು ಅಲುಗಾಡದೆ ನೋಡಿದರೆ ಮಾತ್ರ ನಿಧಾನವಾಗಿ ಮೂಡುತ್ತದೆ. ವನಮಾಲಾ ಅದನ್ನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದರು. ಪುಸ್ತಕದ ಚಿತ್ರ ತೋರಿಸಿ ಹೇಳುವುದು ಅವರಿಗೆ ಸಾಕಾಗಿತ್ತು. ತಾನೇ ಹಿಡಿಯಬೇಕು ಎಂದಿತ್ತು.

ಪ್ರತಿ ಚಳಿಗಾಲ ಹಿಡಿಯಲು ಹೋದೆವು. ಒಂದು ವರ್ಷ ಸೀನು ಬಂತು. ಒಂದು ವರ್ಷ ದಾರಿ ತಪ್ಪಿದ ಲಾರಿಯೊಂದು ಹೆಡ್‌ಲೈಟ್ ಹಾಕಿಕೊಂಡು ಗಿರಣಿಯ ಗೇಟಿಗೇ ಬಂತು. ಒಂದು ವರ್ಷ ಎಲ್ಲ ಸರಿಯಾಯಿತು. ನಕ್ಷತ್ರ ಎಳೆಯನ್ನು ಬಿಟ್ಟು ಕದಲಲೇ ಇಲ್ಲ ಎನ್ನುವ ಹಾಗೆ ಅವರು ಕಾದರು. ಆ ಫಿಲ್ಮನ್ನು ತೊಳೆಯಲು ಕೊಟ್ಟಾಗ ಅವರು ಒಂದು ಕೆಲಸ ಮರೆತಿದ್ದರು. ಆಕಾಶದ ಫೋಟೋ ತೆಗೆಯುವವರು ರೋಲಿನ ಮೊದಲ ಚಿತ್ರವನ್ನು ಹಗಲಿನಲ್ಲಿ ತೆಗೆದಿರಬೇಕು, ಮನೆಯದೋ ಮರದ್ದೋ. ಆಗ ಲ್ಯಾಬಿನವರಿಗೆ ಚಿತ್ರ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆಂಬ ಅಳತೆ ಸಿಗುತ್ತದೆ. ಇಲ್ಲದಿದ್ದರೆ ಅವರಿಗೆ ಎಲ್ಲವೂ ಒಂದೇ ಬಣ್ಣ. ಲ್ಯಾಬಿನವನು ತನಗೆ ತೋಚಿದಲ್ಲಿ ಕತ್ತರಿ ಆಡಿಸಿದ್ದ.

"ಏನೂ ಬಂದಿಲ್ಲ ಮೇಡಂ, ಬರೀ ಕತ್ತಲೆ. ಪ್ರಿಂಟ್ ಹಾಕಿಲ್ಲ," ಎಂದನಂತೆ.

ಕುದುರೆಯ ಕೊರಳು ಒಂದು ತುಂಡಿನಲ್ಲಿ, ಮೂತಿ ಇನ್ನೊಂದರಲ್ಲಿ ಇತ್ತು. ವನಮಾಲಾ ಆ ವರ್ಷ ಮತ್ತೆ ಕಣಕ್ಕೆ ಬರಲಿಲ್ಲ.

ಕಣ್ಣಿನ ವಿಷಯ ಮೊದಲು ಗೊತ್ತಾದದ್ದು ರುದ್ರಮುನಿಗೆ. ಪಕ್ಕದಲ್ಲೇ ಚಹಾ ಲೋಟ ಹಿಡಿದು ನಿಂತಿದ್ದರೂ ವನಮಾಲಾ "ರೀ, ಎಲ್ಲಿದ್ದೀರಿ" ಎಂದು ಕರೆದರು. ಇನ್ನೊಂದು ಸಂಜೆ ಮೌಂಟಿನ ಕಾಲಿಗೆ ಎಡವಿ ನನ್ನ ಮೇಲೆಯೇ ಬಿದ್ದರು. ದಾವಣಗೆರೆಯ ಡಾಕ್ಟರು ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ ಎಂದರು. ನೋವಿಲ್ಲದ ಕಾಯಿಲೆ. ಅಂಚಿನಿಂದ ತಿನ್ನುತ್ತಾ ಬರುತ್ತದೆ, ನಡುವನ್ನು ಕೊನೆಗೆ ಮುಟ್ಟುತ್ತದೆ. ಹೋದದ್ದು ಬರುವುದಿಲ್ಲ. ಹನಿ ಔಷಧ ಹಾಕಿಕೊಂಡು ಉಳಿದದ್ದನ್ನು ಕಾಪಾಡಬೇಕು. ಎಡಗಣ್ಣು ಕೆಲವೇ ವರ್ಷಗಳಲ್ಲಿ ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಬಾವಿಯೊಳಗಿಂದ ಮೇಲೆ ನೋಡಿದಷ್ಟು ಉಳಿಯಿತು.

ಆಗ ನಾನು ಓಬಳೇಶನ ಕೈಗೆ ಹೋದೆ. ಅವನು ಅವರ ಹಳೆಯ ವಿದ್ಯಾರ್ಥಿ. ಭೌತಶಾಸ್ತ್ರದಲ್ಲಿ ಎರಡು ಸಲ ಫೇಲಾಗಿ ಫೋಟೋ ಸ್ಟುಡಿಯೋ ತೆರೆದಿದ್ದ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಹಾಗಿದ್ದರೂ ಆಕಾಶದ ಹುಚ್ಚನ್ನು ಅವರಿಂದ ಅಂಟಿಸಿಕೊಂಡಿದ್ದ.

"ಮೇಡಂ, ದೊಡ್ಡ ಟೆಲಿಸ್ಕೋಪು ಕಣದಾಗೇ ಇರ್ಲಿ. ನಾನೇ ಬಂದು ಒರೆಸಿಡ್ತೀನಿ. ಗೈಡ್ ಒಂದು ಕೊಡಿ, ಕ್ಯಾಮೆರಾ ಕೂರಿಸ್ಬೇಕು. ಈಗ ಕಣ್ಣಿಟ್ಟು ಕೂರೋದು ಬ್ಯಾಡ, ಲ್ಯಾಪ್‌ಟಾಪೇ ನೋಡ್ಕೊಳ್ತೈತೆ."

"ತಗೊಂಡು ಹೋಗು. ಒಂದೇ ಮಾತು ಓಬಳೇಶ. ಕುದುರೆ ಸಿಕ್ಕಿದ್ರೆ ನನಗೆ ಕಾಣೋ ಹೊತ್ತಲ್ಲಿ ತೋರಿಸು. ಆಮೇಲೆ ತೋರಿಸಿ ಪ್ರಯೋಜನ ಇಲ್ಲ."

ಅವನು ನನ್ನ ಹಿಂದಿನ ಗಾಜನ್ನು ಜೇಡರ ಎಳೆಗಳ ಸಮೇತ ಬಿಚ್ಚಿ ಚೀಲದ ಒಳಜೇಬಿಗೆ ಹಾಕಿದ. ಅದರ ಜಾಗಕ್ಕೆ ಬೆಂಕಿಪೊಟ್ಟಣದಷ್ಟು ಒಂದು ಕ್ಯಾಮೆರಾ ತುರುಕಿದ. ಅದರಿಂದ ಒಂದು ತಂತಿ ಲ್ಯಾಪ್‌ಟಾಪಿಗೆ. ಇನ್ನು ಮುಂದೆ ನಕ್ಷತ್ರ ಕದಲಿದರೆ ಲ್ಯಾಪ್‌ಟಾಪು ಎಣಿಸಿ ತಾನೇ ಮೌಂಟಿಗೆ ಹೇಳುತ್ತದೆ. ಪರದೆಯ ಮೇಲೆ ಒಂದು ಗೆರೆ ಓಡುತ್ತದೆ. ನಕ್ಷತ್ರ ಎಷ್ಟು ಅಲುಗಿತೆಂದು ಅದು ಹಲ್ಲುಹಲ್ಲಾಗಿ ತೋರಿಸುತ್ತದೆ.

ಕೆಲಸ ಅದೇ. ನಕ್ಷತ್ರವೂ ಕೆಲವು ಸಲ ಅದೇ. ರೆಪ್ಪೆ ಮಾತ್ರ ಇರಲಿಲ್ಲ. ನನ್ನ ಮೂಲಕ ಯಾರೂ ನೋಡುತ್ತಿರಲಿಲ್ಲ, ನನ್ನಿಂದ ಅಳತೆ ತೆಗೆಯುತ್ತಿದ್ದರು. ನಾನು ದೂರುತ್ತಿಲ್ಲ. ಚಿತ್ರಗಳು ಮೊದಲಿಗಿಂತ ಚೆನ್ನಾಗಿ ಬಂದವು. ಓಬಳೇಶನಿಗೆ ಕೆಂಪು ಬೆಳಕು ಹಿಡಿಯುವ ಕ್ಯಾಮೆರಾ ಬೇಕಾಗಿತ್ತು. ಮದುವೆಯ ಒಂದು ಹಳೆಯ ಕ್ಯಾಮೆರಾವನ್ನು ಬಿಚ್ಚಿಸಿ, ಒಳಗೆ ಕೆಂಪನ್ನು ತಡೆಯುತ್ತಿದ್ದ ಗಾಜನ್ನು ತೆಗೆಸಿದ. ಅಷ್ಟರಲ್ಲಿ ಎರಡು ಚಳಿಗಾಲ ಹೋಯಿತು.

ಮೂರನೆಯ ವರ್ಷ ಡಾಕ್ಟರು ಆಪರೇಶನ್ ಮಾಡಲೇಬೇಕು ಎಂದರು. ಹನಿ ಸಾಲದು. ಮಾಡಿದರೆ ಉಳಿದದ್ದು ಉಳಿಯಬಹುದು. ಇಷ್ಟು ಕಿರಿದಾದ ಕಣ್ಣಿನಲ್ಲಿ ಕೆಲವೊಮ್ಮೆ ಆಪರೇಶನ್ನಿನ ಮರುದಿನವೇ ಉಳಿದದ್ದೂ ಹೋಗಿಬಿಡುತ್ತದೆ. ಶಿವರಾತ್ರಿ ಕಳೆದ ಮೇಲೆ ಬನ್ನಿ ಎಂದು ದಿನ ಕೊಟ್ಟರು. ಶಿವರಾತ್ರಿಯೆಂದರೆ ಚಂದ್ರನಿಲ್ಲದ ಆಕಾಶ. ಆ ಹೊತ್ತಿಗೆ ಮಹಾವ್ಯಾಧ ಸೂರ್ಯ ಮುಳುಗುತ್ತಲೇ ನೆತ್ತಿಯ ಹತ್ತಿರ ಇರುತ್ತಾನೆ. ಅದಕ್ಕೆ ಹಿಂದಿನ ಎರಡು ಸಂಜೆ ಮೋಡವಿತ್ತು. ಶಿವರಾತ್ರಿಯ ಸಂಜೆ ತೆರವಾಯಿತು. ಮರುದಿನ ಅವರು ದಾವಣಗೆರೆಗೆ ಹೊರಡಬೇಕಿತ್ತು.

ಓಬಳೇಶ ಒಂದು ಮುಹೂರ್ತದ ಫೋಟೋ ಮುಗಿಸಿ ಓಡಿ ಬಂದಿದ್ದ. ಹಣೆಯಲ್ಲಿ ಇನ್ನೂ ಅಕ್ಷತೆ ಅಂಟಿತ್ತು. ಆ ಅವಸರದಲ್ಲಿ ಎರಡು ಕೆಲಸ ಬಿಟ್ಟ. ನನ್ನ ಮುಂದೆ ಮುಚ್ಚಳ ಹಾಕಿ ಒಂದು ಬರೀ ಕತ್ತಲೆಯ ಚಿತ್ರ ತೆಗೆದುಕೊಳ್ಳಬೇಕಿತ್ತು. ಅದರಿಂದ ಕ್ಯಾಮೆರಾದ ಸ್ವಂತ ಕಲೆಗಳು ಯಾವುವೆಂದು ಲ್ಯಾಪ್‌ಟಾಪಿಗೆ ತಿಳಿಯುತ್ತದೆ. ತೆಗೆಯಲಿಲ್ಲ. ನಕ್ಷತ್ರವನ್ನು ಬೇಕೆಂದೇ ಅತ್ತಿತ್ತ ಸರಿಸಿ, ಅದು ಸರಿಯುತ್ತದೆಯೇ ಎಂದು ಪರೀಕ್ಷಿಸಬೇಕಿತ್ತು. ಹಿಂದಿನ ಸಲದ್ದೇ ಇರಲಿ ಎಂದು ಬಿಟ್ಟ. ನಕ್ಷತ್ರ ಆರಿಸುವ ಕೆಲಸವನ್ನೂ ಲ್ಯಾಪ್‌ಟಾಪಿಗೇ ಕೊಟ್ಟ.

ನನ್ನ ನಡುವೆ ನಡುಪಟ್ಟಿಯ ಆ ಕೊನೆಯ ನಕ್ಷತ್ರ ಹೊಳೆಯುತ್ತಿತ್ತು. ಲ್ಯಾಪ್‌ಟಾಪಿಗೆ ಅದು ಅತಿಯಾಯಿತು; ಅಷ್ಟು ಪ್ರಕಾಶದ ನಕ್ಷತ್ರವನ್ನು ಅದು ಒಪ್ಪುವುದಿಲ್ಲ. ಮೂಲೆಯಲ್ಲಿದ್ದ ಒಂದು ಮಂಕು ಚುಕ್ಕಿಯನ್ನು ಆರಿಸಿ ಅದರ ಸುತ್ತ ಹಸಿರು ಚೌಕ ಬರೆಯಿತು. ಆ ಚುಕ್ಕಿ ನನ್ನ ಗಾಜಿನಿಂದ ಹೋದದ್ದಲ್ಲ. ನನಗೆ ಗೊತ್ತು, ಏಕೆಂದರೆ ಅಲ್ಲಿ ನಾನು ಏನನ್ನೂ ನೋಡುತ್ತಿರಲಿಲ್ಲ. ಅದು ಕ್ಯಾಮೆರಾದೊಳಗಿನ ಒಂದು ಕೆಟ್ಟ ಪಿಕ್ಸೆಲ್, ಬೆಳಕಿಲ್ಲದೆಯೂ ತಾನೇ ಹೊಳೆಯುವಂಥದ್ದು. ಆಕಾಶ ಇರಲಿ ಇಲ್ಲದಿರಲಿ, ಅದು ಇದ್ದಲ್ಲೇ ಇರುತ್ತದೆ.

ಗೆರೆ ಓಡಲು ಶುರುವಾಯಿತು. ನೆಟ್ಟಗೆ. ಒಂದು ಹಲ್ಲೂ ಇಲ್ಲ.

"ಅಣ್ಣಾ, ನೋಡಿಲ್ಲಿ. ಸ್ಕೇಲ್ ಇಟ್ಟು ಎಳ್ದಂಗೈತೆ," ಎಂದು ಓಬಳೇಶ ರುದ್ರಮುನಿಯನ್ನು ಕರೆದ. "ಇಷ್ಟು ಚೆಂದ ಯಾವತ್ತೂ ಬಂದಿರ್ಲಿಲ್ಲ."

"ಬಾ ಹಂಗಾದ್ರೆ, ಮಂಡಕ್ಕಿ ತಿನ್ನು. ಮೆಣಸಿನಕಾಯಿ ಬಿಸಿ ಐತೆ."

"ಇವತ್ತು ಉಪವಾಸ ಅಲ್ವಾ ಅಣ್ಣಾ?"

"ನಿಮ್ಮ ಮೇಡಂದು. ನಂದಲ್ಲ."

ವನಮಾಲಾ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಲ್ಯಾಪ್‌ಟಾಪಿನ ಬೆಳಕು ಅವರ ಕಣ್ಣಿಗೆ ಚುಚ್ಚುತ್ತದೆಂದು ಓಬಳೇಶ ಅದನ್ನು ಅತ್ತ ತಿರುಗಿಸಿಟ್ಟಿದ್ದ. ಕ್ಯಾಮೆರಾ ಒಂದಾದ ಮೇಲೊಂದು ದೀರ್ಘ ಚಿತ್ರ ತೆಗೆಯುತ್ತಾ ಹೋಯಿತು. ನನ್ನ ನಡುವಿನ ನಕ್ಷತ್ರ ನಿಧಾನವಾಗಿ ಪಕ್ಕಕ್ಕೆ ಜರುಗಿತು, ಹಿಂದಕ್ಕೆ ಬಂತು, ಮತ್ತೆ ಇನ್ನಷ್ಟು ಜರುಗಿತು. ಯಾರೂ ಗುಂಡಿ ಒತ್ತಲಿಲ್ಲ. ನಾನು ಕಾಣುತ್ತಿದ್ದೆ. ಕಾಣುವುದು ನನಗೆ ಬರುತ್ತದೆ, ಹೇಳುವುದು ಬರುವುದಿಲ್ಲ. ಎಲ್ಲರ ಲೆಕ್ಕದಲ್ಲಿ ಆ ಸಂಜೆ ಗೈಡ್ ಇತ್ತು. ನಿಜದಲ್ಲಿ ಮೌಂಟು ತನ್ನ ಪಾಡಿಗೆ ಉಸಿರಾಡುತ್ತಿತ್ತು, ನಾನು ಇನ್ನೂ ಹುಟ್ಟೇ ಇರದ ಕಾಲದ ಹಾಗೆ.

ಮಂಡಕ್ಕಿ ಮುಗಿದ ಮೇಲೆ ಓಬಳೇಶ ಕ್ಯಾಮೆರಾದ ಹಿಂದಿನ ಪರದೆ ನೋಡಿದ. ಒಂದೊಂದೇ ಚಿತ್ರ ಹಿಂದಕ್ಕೆ ಸರಿಸಿದ. ರುದ್ರಮುನಿ ಅವನ ಭುಜದ ಮೇಲಿಂದ ಬಗ್ಗಿದರು.

"ಮತ್ತೆ ಜೀರಿಗೆಯೇನೋ?"

"ಹ್ಞೂಂ ಅಣ್ಣಾ."

"ಗೆರೆ ನೆಟ್ಟಗಿತ್ತು ಅಂದ್ಯಲ್ಲ."

ವನಮಾಲಾ ಕುರ್ಚಿಯಿಂದಲೇ ಕೇಳಿದರು. "ಎಷ್ಟು ನೆಟ್ಟಗಿತ್ತು?"

"ಪೂರಾ ನೆಟ್ಟಗೆ ಮೇಡಂ. ಅಲುಗಾಟನೇ ಇಲ್ಲ."

"ಅಲುಗದೇ ಇರೋದು ಆಕಾಶದಲ್ಲಿ ಯಾವುದಿದೆ ಓಬಳೇಶ? ಗಾಳಿಗೆ ನಕ್ಷತ್ರ ನಡುಗ್ಲೇಬೇಕು. ನೀನು ಹಿಡಿದಿದ್ದು ನಕ್ಷತ್ರ ಅಲ್ಲ, ಕ್ಯಾಮೆರಾದ್ದೇ ಒಂದು ಕಲೆ."

ಅವನು ಲ್ಯಾಪ್‌ಟಾಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಮುಂದೆ ಅಂಗೈ ಅಡ್ಡ ಹಿಡಿದ. ಆಕಾಶವೆಲ್ಲ ಮುಚ್ಚಿತು. ಚುಕ್ಕಿ ಹಸಿರು ಚೌಕದೊಳಗೆ ಹಾಗೇ ಇತ್ತು.

"ತಪ್ಪಾಯ್ತು ಮೇಡಂ. ಈಗ್ಲೇ ಸರಿ ಮಾಡ್ತೀನಿ." ಅಷ್ಟರಲ್ಲಿ ಲ್ಯಾಪ್‌ಟಾಪು ಎರಡು ಸಲ ಕೂಗಿ ಆರಿಹೋಯಿತು. ಮದುವೆಮನೆಯಲ್ಲಿ ಫೋಟೋ ತೋರಿಸಲು ಅದನ್ನೇ ಹಚ್ಚಿಟ್ಟಿದ್ದ; ಚಾರ್ಜರು ಅಲ್ಲೇ ಉಳಿದಿತ್ತು. ಗಿರಣಿಯ ಕರೆಂಟು ಕಿತ್ತುಹಾಕಿ ಎಷ್ಟೋ ವರ್ಷವಾಗಿತ್ತು. ಮೌಂಟು ಮಾತ್ರ ಕಾರಿನ ಬ್ಯಾಟರಿಯಿಂದ ತಿರುಗುತ್ತಲೇ ಇತ್ತು. ಮಹಾವ್ಯಾಧ ಪಡುವಣಕ್ಕೆ ವಾಲತೊಡಗಿದ್ದ.

ವನಮಾಲಾ ಶಾಲು ತೆಗೆದು ಕುರ್ಚಿಯ ಮೇಲೆ ಇಟ್ಟರು.

"ಆ ಸಣ್ಣ ಕ್ಯಾಮೆರಾ ಬಿಚ್ಚು. ನನ್ನ ಹಳೇ ಐಪೀಸ್, ಆ ಎಳೆ ಇರೋ ಗಾಜು, ಇದೆಯಾ?"

"ಚೀಲದಾಗೇ ಐತೆ ಮೇಡಂ. ಆದ್ರೆ…"

"ತಲೆ ಬಗ್ಗಿಸ್ಬ್ಯಾಡ ಅಂದಾರೆ ಡಾಕ್ಟ್ರು," ಎಂದರು ರುದ್ರಮುನಿ. "ಒತ್ತಡ ಏರ್ತೈತೆ. ನಾಳೆ ಬೆಳಗಾದ್ರೆ ಆಸ್ಪತ್ರೆಗೆ ಹೋಗೋದೈತೆ."

"ಬಗ್ಗಿಸೋದಿಲ್ಲ ರೀ. ಆಕಾಶ ನೋಡೋಕೆ ತಲೆ ಎತ್ತೋದು."

"ಎಲ್ಲಾದಕ್ಕೂ ಒಂದು ಉತ್ರ ಐತೆ ನಿಂತಾವ."

"ಇಪ್ಪತ್ತೈದು ವರ್ಷದ ಮೇಷ್ಟ್ರಗಿರಿ ಇನ್ಯಾತಕ್ಕೆ ಮತ್ತೆ. ಕೈ ಕೊಡಿ, ಕಾಲು ಎಲ್ಲಿಡ್ಬೇಕು ಕಾಣ್ತಿಲ್ಲ."

ರುದ್ರಮುನಿ ಕೈ ಹಿಡಿದು ಕರೆತಂದರು. ಕುರ್ಚಿಯನ್ನು ನನ್ನ ಕೆಳಗೆ ಹಾಕಿದರು, ಅದರ ಕಾಲಿನಡಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದರು. ಓಬಳೇಶ ಹಿಂದಿನ ಗಾಜನ್ನು ನನಗೆ ಸಿಕ್ಕಿಸಿ ಕೆಂಪು ಬಲ್ಬು ಹೊತ್ತಿಸಿದ, ನಾಲ್ಕು ಗುಂಡಿಯ ಪೆಟ್ಟಿಗೆಯನ್ನು ಅವರ ಕೈಗಿಟ್ಟ. ಒಂದು ಎಳೆ ಸ್ವಲ್ಪ ಜೋತಿತ್ತು. ಪರವಾಗಿಲ್ಲ.

ವರ್ಷಗಳ ಮೇಲೆ ನನಗೆ ಮತ್ತೆ ರೆಪ್ಪೆ ತಾಕಿತು.

ಆ ಕಣ್ಣು ಮೊದಲಿನಂತಿರಲಿಲ್ಲ. ಮೊದಲು ಅದು ನನ್ನ ಬಯಲಿನ ತುಂಬ ಓಡಾಡುತ್ತಿತ್ತು, ಅಂಚಿನಲ್ಲಿರುವ ಸಣ್ಣ ನಕ್ಷತ್ರಗಳನ್ನೂ ಮುಟ್ಟಿ ಬರುತ್ತಿತ್ತು. ಈಗ ನಡುವಿಗೆ ಬಂದು ನಿಂತಿತು, ಅಲ್ಲಿಂದ ಎಲ್ಲಿಗೂ ಹೋಗಲಿಲ್ಲ. ಸುತ್ತಲೆಲ್ಲ ಅದಕ್ಕೆ ಇಲ್ಲವಾಗಿತ್ತು.

"ಕಾಣ್ತೈತಾ ಮೇಡಂ?"

"ಎಳೆ ಕೂಡೋ ಜಾಗ, ಅದರ ಮೇಲೆ ನಕ್ಷತ್ರ. ಅಷ್ಟು ಬಿಟ್ಟು ಬೇರೇನೂ ಕಾಣಲ್ಲ." ಬೆರಳನ್ನು ಗುಂಡಿಯ ಮೇಲಿಟ್ಟರು. "ಗೈಡ್ ಮಾಡೋಕೆ ಇನ್ನೇನು ಬೇಕು? ತೆರಿ ಕ್ಯಾಮೆರಾ."

ಲ್ಯಾಪ್‌ಟಾಪಿಗೆ ಅತಿಯಾಗಿದ್ದ ಅದೇ ನಕ್ಷತ್ರ ಅವರಿಗೆ ಸರಿಹೋಯಿತು. ಮಂಕಾಗಿದ್ದರೆ ಅವರಿಗೆ ಕಾಣುತ್ತಿರಲಿಲ್ಲ. ನಕ್ಷತ್ರ ನಡುಗಿತು, ಎಳೆಯಿಂದಾಚೆ ಇಣುಕಿತು. ಬೆರಳು ಗುಂಡಿ ಒತ್ತಿತು. ನಡುಗಿತು, ಇಣುಕಿತು, ಒತ್ತಿತು. ದೊಡ್ಡವನು ನಮ್ಮಿಬ್ಬರ ಕೆಳಗೆ ಕೂದಲೆಳೆಯಷ್ಟು ಕದಲಿ ನಿಂತ.

"ಮಾತಾಡ್ರಿ," ಎಂದರು ವನಮಾಲಾ, ಕಣ್ಣು ತೆಗೆಯದೆ. "ಸುಮ್ನಿದ್ರೆ ಭಯ ಆಗುತ್ತೆ."

"ಏನ್ ಮಾತಾಡ್ಲಿ?"

"ಏನಾದ್ರೂ."

ರುದ್ರಮುನಿ ಬೆನ್ನ ಹಿಂದೆ ನಿಂತು ಅವರ ಎರಡೂ ಭುಜ ಹಿಡಿದುಕೊಂಡಿದ್ದರು. "ನಾನ್ ಸಣ್ಣೋನಿದ್ದಾಗ ಈ ಕಣದಾಗೆ ಶೇಂಗಾ ಹರವಿರ್ತಿದ್ರು. ಕಾಗೆ ಓಡ್ಸೋದು ನನ್ನ ಕೆಲ್ಸ. ಅಪ್ಪ ಹೇಳೋನು, ಕಾಗೆ ನೋಡ್ಬ್ಯಾಡ, ಶೇಂಗಾ ನೋಡು ಅಂತ. ಕಾಗೆ ಹಿಂದೆ ಕಣ್ಣು ಹೋತು ಅಂದ್ರೆ ಇತ್ಲಾಗೆ ಅಳಿಲು ತಿಂದಿರ್ತಿತ್ತು."

"ಈಗ ನಗಿಸ್ಬೇಡಿ."

"ನೀನೇ ಮಾತಾಡು ಅಂದಿ."

ಮೊದಲ ಚಿತ್ರ ಮುಗಿಯಿತು. ಎರಡನೆಯದರ ನಡುವೆ ಅವರ ಕಣ್ಣು ಒದ್ದೆಯಾಗಿ ನಕ್ಷತ್ರ ಕಲಸಿಹೋಯಿತು, ಅದು ಕೆಟ್ಟಿತು. ಮೂರನೆಯದಕ್ಕೆ ತೆಳುಮೋಡ ಬಂತು. ಮತ್ತೆ ತೆರವಾಗಲಿಲ್ಲ. ಅವರು ಕಣ್ಣನ್ನು ನನ್ನಿಂದ ತೆಗೆದಾಗ ಗಾಜಿನ ಮೇಲೆ ಒಂದು ತೇವದ ಉಂಗುರ ಉಳಿಯಿತು. ಒರೆಸುವುದು ಎಲ್ಲರಿಗೂ ಮರೆತುಹೋಯಿತು.

ಮೊದಲನೆಯ ಚಿತ್ರವನ್ನು ಓಬಳೇಶ ಕ್ಯಾಮೆರಾದ ಪರದೆಯಲ್ಲಿ ತೆರೆದ.

"ಮೇಡಂ, ಬಂದೈತೆ." ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ಅವರ ಮುಖದ ಹತ್ತಿರ ಹಿಡಿದ.

ವನಮಾಲಾ ನೋಡಿದರು. ತಲೆಯನ್ನು ಅತ್ತಿತ್ತ ಆಡಿಸಿದರು. "ಕೆಂಪು ಕಾಣುತ್ತೆ. ಆಮೇಲೆ ಕಪ್ಪು ಕಾಣುತ್ತೆ. ಎರಡೂ ಒಟ್ಟಿಗೆ ಕಾಣಲ್ಲ."

ಅವರು ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು.

"ಚಿಕ್ಕದು ಮಾಡು ಓಬಳೇಶ."

ಅವನು ಚಿಕ್ಕದು ಮಾಡಿದ.

"ಇನ್ನೂ. ದೂರ ಹಿಡಿ. ಇನ್ನೂ ಸ್ವಲ್ಪ ದೂರ."

ಅವನು ತೋಳು ಚಾಚಿ ಹಿಂದೆ ಸರಿಯುತ್ತಾ ಹೋದ. ಪರದೆ ಕತ್ತಲೆಯಲ್ಲಿ ಒಂದು ಅಂಚೆಚೀಟಿಯಷ್ಟಾಯಿತು. ಅಲ್ಲಿ ಅದು ಅವರಿಗೆ ಉಳಿದ ಕಿಂಡಿಯೊಳಗೆ ಪೂರ್ತಿ ಕೂತಿತು.

"ನಿಲ್ಲು," ಎಂದರು. "ಕಿವಿ ಇಲ್ಲಿ. ಮೂತಿ. ಕೊರಳು." ಬೆರಳಿನಿಂದ ಗಾಳಿಯಲ್ಲಿ ತೋರಿಸಿದರು. ಓಬಳೇಶ ತೋಳು ಇಳಿಸಲಿಲ್ಲ, ಅದು ನಡುಗುವವರೆಗೂ.

ಮರುದಿನ ಬೆಳಿಗ್ಗೆ ಅವರು ದಾವಣಗೆರೆಗೆ ಹೊರಡುವ ಮೊದಲು ಅವನು ಸ್ಟುಡಿಯೋ ತೆರೆದು ಚಿತ್ರವನ್ನು ಪ್ರಿಂಟ್ ಹಾಕಿದ. ಪಾಸ್‌ಪೋರ್ಟ್ ಸೈಜು. ಅವನ ಯಂತ್ರ ಆ ಅಳತೆಯಲ್ಲಿ ಒಂದು ಹಾಳೆಗೆ ಎಂಟು ಫೋಟೋ ಹಾಕುತ್ತದೆ, ಹಾಗಾಗಿ ಎಂಟು ಕುದುರೆ ಬಂದವು. ಒಂದನ್ನು ವನಮಾಲಾ ಪರ್ಸಿನಲ್ಲಿಟ್ಟುಕೊಂಡರು. ಒಂದನ್ನು ರುದ್ರಮುನಿ ಅಂಗಡಿಯ ಗಲ್ಲಾದ ಮೇಲೆ ಅಂಟಿಸಿದರು. ಮೊಳೆ ಕೊಳ್ಳಲು ಬಂದವರು "ಇದ್ಯಾರ ಫೋಟೋ ಅಣ್ಣಾ, ಮುಖನೇ ಬಂದಿಲ್ಲ" ಎನ್ನುತ್ತಾರಂತೆ. "ನಮ್ಮನೆಯಾಕೆ ತೆಗ್ದಿದ್ದು" ಎನ್ನುತ್ತಾರಂತೆ ಇವರು.

ಆಪರೇಶನ್ ಆಯಿತು. ಕಣ್ಣು ಪೂರ್ತಿ ಹೋಗಲಿಲ್ಲ. ಕಿಂಡಿ ಇನ್ನಷ್ಟು ಕಿರಿದಾಯಿತು, ಅದರೊಳಗಿನ ಬೆಳಕು ಮಂಕಾಯಿತು. ಎದುರಿಗೆ ಬಂದವರ ಮುಖದಲ್ಲಿ ಒಂದು ಕಣ್ಣೋ ಮೂಗೋ ಕಾಣುತ್ತದೆಂದು ಹೇಳುತ್ತಾರೆ. ನಕ್ಷತ್ರ ಯಾವುದೂ ಕಾಣುವುದಿಲ್ಲ. ಪರ್ಸಿನ ಚಿತ್ರವನ್ನು ಬಿಸಿಲಿಗೆ ಹಿಡಿದರೆ, ಕೆಲವು ದಿನ, ಕಿವಿ ಗುರುತು ಸಿಗುತ್ತದಂತೆ.

ಈಗ ನಾನು ಓಬಳೇಶನ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿದ್ದೇನೆ. ಅವನು ಹೊಸ ಟೆಲಿಸ್ಕೋಪು ಯಂತ್ರ ತಂದಿದ್ದಾನೆ, ತೆಂಗಿನಕಾಯಿಯಷ್ಟು. ಅದಕ್ಕೆ ಗೈಡ್ ಬೇಡ. ಹತ್ತು ಸೆಕೆಂಡಿನ ಚಿತ್ರ ತೆಗೆದು ಕಣ್ಣು ಮುಚ್ಚುತ್ತದೆ, ಮತ್ತೆ ತೆಗೆಯುತ್ತದೆ, ಕೆಟ್ಟದ್ದನ್ನು ಎಸೆಯುತ್ತದೆ, ಒಳ್ಳೆಯದನ್ನೆಲ್ಲ ಒಂದರ ಮೇಲೊಂದು ಪೇರಿಸುತ್ತದೆ. ಮನೆಯ ಮಾಳಿಗೆಯಿಂದ, ಬೀದಿದೀಪಗಳ ನಡುವೆಯೇ, ಕುದುರೆಯನ್ನು ತಂದಿದೆ. ನಮ್ಮದಕ್ಕಿಂತ ಸ್ಪಷ್ಟ. ಅದನ್ನು ಅವನು ವನಮಾಲಾರಿಗೆ ವಿವರಿಸಿ ಹೇಳಿದ್ದನ್ನು ನಾನು ಕಪಾಟಿನಿಂದಲೇ ಕೇಳಿದೆ.

"ಆಗ ಯಾರು ನೋಡ್ತಾ ಇದ್ರು?" ಎಂದು ಕೇಳಿದರು ಅವರು.

"ಯಾರೂ ಇಲ್ಲ ಮೇಡಂ. ನಾನು ಒಳಗೆ ಮುದ್ದೆ ಉಣ್ತಿದ್ದೆ."

"ಒಳ್ಳೇದಾಯ್ತು ಬಿಡು. ಕುತ್ತಿಗೆ ಉಳೀತು."

ಆ ಹೊಸ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಬೆಳೆಯುವ ಮೊದಲೇ ಕಣ್ಣು ಮುಚ್ಚುವುದು ಒಂದು ದಾರಿ. ಕಣ್ಣು ತೆರೆದೇ ಇಟ್ಟು ತಪ್ಪುತ್ತಾ, ತಿದ್ದುತ್ತಾ ಹೋಗುವುದು ಇನ್ನೊಂದು ದಾರಿ. ಎರಡರಲ್ಲೂ ಕುದುರೆ ಬರುತ್ತದೆ. ಎರಡನೆಯದರಲ್ಲಿ ಬೇಗ ಮುದಿಯಾಗುತ್ತೇವೆ, ಅಷ್ಟೇ.

ಹಾಳೆಯಲ್ಲಿ ಉಳಿದ ಆರು ಕುದುರೆಗಳು ಇದೇ ಕಪಾಟಿನಲ್ಲಿ, ನನ್ನ ಮುಂದೆ, ಒಂದು ಗೇಣು ದೂರದಲ್ಲಿ ಒರಗಿ ನಿಂತಿವೆ. ಬಂದವರು ನನ್ನನ್ನೂ ಅವುಗಳನ್ನೂ ನೋಡಿ ಹೋಗುತ್ತಾರೆ. ನಾನು ದೂರಕ್ಕೆ ಮಾಡಿದ ಗಾಜು. ಗೇಣು ದೂರದ್ದು ನನಗೆ ಬರೀ ಮಬ್ಬು, ಸ್ವಲ್ಪ ಕೆಂಪು, ಸ್ವಲ್ಪ ಕಪ್ಪು. ಇದರಲ್ಲಿ ಕುದುರೆ ಎಲ್ಲಿದೆಯೆಂದು ನನಗೆ ತಿಳಿಯುವುದಿಲ್ಲ. ಮೊದಮೊದಲು ಇದು ಬೇಸರವಾಗಿತ್ತು. ಆಮೇಲೆ ಆ ಸಂಜೆಯನ್ನು ಮತ್ತೆ ಮತ್ತೆ ನೆನೆದು ಒಂದು ವಿಷಯ ಹೊಳೆಯಿತು. ಕುದುರೆ ಚಿತ್ರದಲ್ಲಿ ನಿಧಾನವಾಗಿ ಮೂಡುತ್ತಿದ್ದ ಅಷ್ಟೂ ಹೊತ್ತು ವನಮಾಲಾರಿಗೂ ಅದು ಕಂಡಿರಲಿಲ್ಲ. ಅವರ ಕಣ್ಣು ನನ್ನೊಳಗಿತ್ತು. ನಾವಿಬ್ಬರೂ ಪಕ್ಕದ ನಕ್ಷತ್ರವನ್ನು ನೋಡುತ್ತಿದ್ದೆವು.